ಸ್ಲೈಡಿಂಗ್ ಬಾಗಿಲು ಮುಚ್ಚಿದರೂ ಮತ್ತೆ ತೆರೆದುಕೊಳ್ಳುತ್ತಿದೆಯಾ? ಮ್ಯಾಗ್ನೆಟ್ ತರುವ ಮುನ್ನ ಮಟ್ಟ ನೋಡಿ

ನಮ್ಮ ಅಡುಗೆಮನೆಗೂ ಹಾಲ್‌ಗೂ ನಡುವೆ ಒಂದು ಸ್ಲೈಡಿಂಗ್ ಬಾಗಿಲಿದೆ. ಒಗ್ಗರಣೆ ಘಾಟು ಹಾಲ್‌ಗೆ ಬಾರದಿರಲಿ ಅಂತ ಹಾಕಿಸಿದ್ದು. ಹಾಕಿಸಿದ ಮೊದಲ ವಾರದಿಂದಲೇ ಅದಕ್ಕೊಂದು ಚಾಳಿ. ಪೂರ್ತಿ ಮುಚ್ಚಿ ಈ ಕಡೆ ತಿರುಗುವಷ್ಟರಲ್ಲಿ ನಾಲ್ಕು ಬೆರಳಷ್ಟು ತೆರೆದಿರುತ್ತಿತ್ತು. "ಯಾರಪ್ಪಾ ಬಾಗಿಲು ತೆಗ್ದಿದ್ದು?" ಅಂತ ನಮ್ಮತ್ತೆ ಕೇಳುವುದು, ನಾವು ಒಬ್ಬರ ಮುಖ ಒಬ್ಬರು ನೋಡುವುದು. ಕಾರ್ಪೆಂಟರ್ ಬಂದು ಒಂದು ಮ್ಯಾಗ್ನೆಟ್ ಹಾಕಿ ಹೋದರು. ಎರಡೇ ತಿಂಗಳಿಗೆ ಅದು ಕಿತ್ತು ಬಂತು. ಅದಕ್ಕಿಂತ ದೊಡ್ಡದು ಹಾಕಿಸಿದೆ. ಆಮೇಲೆ ಬಾಗಿಲು ತೆಗೆಯಲು ಅತ್ತೆಗೆ ಎರಡೂ ಕೈ ಬೇಕಾಯಿತು.

ಕೊನೆಗೆ ಒಂದು ಭಾನುವಾರ ನಾನೇ ಏಣಿ ಹತ್ತಿ ಅಳೆದೆ. ಮೇಲಿನ ಚಾನಲ್, ಅಂದರೆ ಗಾಲಿ ಓಡುವ ಹಳಿ, 6 ಅಡಿ ಉದ್ದಕ್ಕೆ 11 ಮಿಲಿಮೀಟರ್ ಓರೆ ಇತ್ತು. ಬಾಗಿಲು ಪಾಪ, ಇಳಿಜಾರಿನಲ್ಲಿ ಗಾಲಿ ಏನು ಮಾಡುತ್ತದೋ ಅದನ್ನೇ ಮಾಡುತ್ತಿತ್ತು.

ಅಂದಿನಿಂದ ನೆಂಟರ, ಅಕ್ಕಪಕ್ಕದವರ ಮನೆಯ ಬಾಗಿಲು, ವಾರ್ಡ್‌ರೋಬ್ ನೋಡುತ್ತಾ ಬಂದಿದ್ದೇನೆ. ಅಡುಗೆಮನೆಯ ಬಾಗಿಲಾಗಲಿ, ಬೆಡ್‌ರೂಮಿನ ವಾರ್ಡ್‌ರೋಬ್ ಆಗಲಿ, ಮುಚ್ಚಿದಲ್ಲಿ ನಿಲ್ಲುತ್ತಿಲ್ಲ ಅಂದರೆ ಮೊದಲು ಹಿಡಿಯಬೇಕಾದ್ದು ಮಟ್ಟ. ಬೀಗ, ಮ್ಯಾಗ್ನೆಟ್, ಕೊಕ್ಕೆ ಎಲ್ಲ ಆಮೇಲೆ.

ಮೊದಲು ನಿಮ್ಮ ಬಾಗಿಲು ಯಾವ ಜಾತಿ ನೋಡಿ

ಮನೆಯೊಳಗಿನ ಸ್ಲೈಡಿಂಗ್ ಬಾಗಿಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮೇಲಿನ ಚಾನಲ್‌ನಿಂದ ತೂಗುವಂಥದ್ದು. ಇದರ ಭಾರವೆಲ್ಲ ಮೇಲಿನ ಗಾಲಿಗಳ ಮೇಲೆ. ಕೆಳಗೆ ನೆಲದಲ್ಲಿ ಬಾಗಿಲು ಅಲ್ಲಾಡದಂತೆ ಹಿಡಿಯುವ ಒಂದು ಸಣ್ಣ ಗೈಡ್ ಮಾತ್ರ ಇರುತ್ತದೆ. ಇನ್ನೊಂದು, ಕೆಳಗಿನ ಚಾನಲ್ ಮೇಲೆ ಓಡುವಂಥದ್ದು. ಎಷ್ಟೋ ವಾರ್ಡ್‌ರೋಬ್‌ಗಳು ಹೀಗೇ ಇರುತ್ತವೆ. ಇದರಲ್ಲಿ ಮೇಲಿನ ಚಾನಲ್ ಬಾಗಿಲು ಬೀಳದಂತೆ ಹಿಡಿಯುವುದಕ್ಕೆ ಮಾತ್ರ.

ಗೊತ್ತಾಗದಿದ್ದರೆ ಬಾಗಿಲಿನ ಕೆಳಗೆ ಟಾರ್ಚ್ ಹಿಡಿದು ನೋಡಿ. ಉದ್ದಕ್ಕೂ ನೆಲಕ್ಕೆ ತಾಗದೆ ಸಂದು ಕಾಣಿಸಿದರೆ ತೂಗುವ ಬಾಗಿಲು. ಎರಡು ಕಡೆ ಗಾಲಿ ಕಾಣಿಸಿದರೆ ಕೆಳಗೆ ಓಡುವ ಬಾಗಿಲು. ಇದನ್ನು ಮೊದಲೇ ತಿಳಿದುಕೊಂಡಿರಬೇಕು, ಯಾಕೆಂದರೆ ರಿಪೇರಿ ಎರಡಕ್ಕೂ ಉಲ್ಟಾ. ಅದು ಮುಂದೆ ಬರುತ್ತದೆ.

ಐದು ನಿಮಿಷದ ಪರೀಕ್ಷೆ

ಸ್ಕ್ರೂಡ್ರೈವರ್ ಇನ್ನೂ ಮುಟ್ಟಬೇಡಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಬಾಗಿಲನ್ನು ಅರ್ಧ ತೆರೆದು, ಪೂರ್ತಿ ನಿಂತ ಮೇಲೆ ಮೆಲ್ಲಗೆ ಕೈಬಿಡಿ. ಹತ್ತು ಎಣಿಸಿ. ಆಮೇಲೆ ಮುಕ್ಕಾಲು ತೆರೆದು ನೋಡಿ, ಕಾಲು ತೆರೆದು ನೋಡಿ.

ಎಲ್ಲಿ ಬಿಟ್ಟರೂ ಒಂದೇ ಕಡೆಗೆ ಜಾರುತ್ತಿದ್ದರೆ ಚಾನಲ್ ಓರೆಯಾಗಿದೆ. ಒಂದು ಜಾಗದಲ್ಲಿ ಮಾತ್ರ ಜಾರಿ ಇನ್ನೊಂದು ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರೆ ಚಾನಲ್ ನಡುವೆ ಎಲ್ಲೋ ಜೋತು ಬಿದ್ದಿದೆ. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ, ಆದರೆ ಮುಚ್ಚಿದಾಗ ಮಾತ್ರ ಒಂದೆರಡು ಸೆಂಟಿಮೀಟರ್ ಹಿಂದೆ ಬರುತ್ತದೆ ಅಂದರೆ ಚಾನಲ್‌ನ ತಪ್ಪಿಲ್ಲ. ತೊಂದರೆ ಇರುವುದು ಮುಚ್ಚುವ ತುದಿಯಲ್ಲಿ: ರಬ್ಬರ್ ಸ್ಟಾಪರ್, ಸಾಫ್ಟ್ ಕ್ಲೋಸ್ (ಕೊನೆಯಲ್ಲಿ ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚುವ ಸಾಧನ) ಅಥವಾ ಚೌಕಟ್ಟು.

ಗಾಳಿ ಬಂದಾಗ ಮಾತ್ರ ತೆರೆದುಕೊಳ್ಳುತ್ತದೆ ಅಂತ ಕೆಲವರು ಹೇಳುತ್ತಾರೆ. ಗಾಳಿ ಬಾಗಿಲಿನ ಮುಖಕ್ಕೆ ಬಡಿಯುತ್ತದೆ, ಪಕ್ಕಕ್ಕೆ ಎಳೆಯುವುದಿಲ್ಲ. ಆದರೆ ಬಾಗಿಲು ಅದರಿದಾಗ ಗಾಲಿಯ ಹಿಡಿತ ಸಡಿಲವಾಗುತ್ತದೆ. ಓರೆ ಚಾನಲ್ ಮೇಲೆ ತಡೆದು ನಿಂತಿದ್ದ ಬಾಗಿಲಿಗೆ ಹೊರಡಲು ಅಷ್ಟು ಸಾಕು. ಪಕ್ಕದಲ್ಲೇ ವಾಷಿಂಗ್ ಮೆಷಿನ್ ತಿರುಗುವಾಗ ಬಾಗಿಲು ಮೆಲ್ಲಗೆ ಹೊರಡುವುದೂ ಇದೇ ಕಾರಣಕ್ಕೆ. ಹಾಗಾಗಿ ಗಾಳಿಯ ಕೇಸನ್ನೂ ಓರೆ ಚಾನಲ್ ಕೇಸ್ ಅಂತಲೇ ಲೆಕ್ಕ ಹಾಕಿ.

ಇಷ್ಟು ಸಣ್ಣ ಓರೆಗೆ ಇಷ್ಟು ದೊಡ್ಡ ಬಾಗಿಲು ಜಾರುತ್ತದಾ?

ಜಾರುತ್ತದೆ. ಇದಕ್ಕೊಂದು ಸುಲಭದ ಲೆಕ್ಕ ಇದೆ. ಬಾಗಿಲಿನ ತೂಕ ಎಷ್ಟು ಕಿಲೋ, ಚಾನಲ್ ಒಂದು ಮೀಟರಿಗೆ ಎಷ್ಟು ಮಿಲಿಮೀಟರ್ ಓರೆ, ಇವೆರಡನ್ನು ಗುಣಿಸಿ. ಬರುವುದು ಗ್ರಾಂ ಲೆಕ್ಕದಲ್ಲಿ ಬಾಗಿಲನ್ನು ಎಳೆಯುವ ಶಕ್ತಿ.

ನಮ್ಮ ಬಾಗಿಲು 7 ಅಡಿ ಎತ್ತರ, 3 ಅಡಿ ಅಗಲ, 18 ಮಿಲಿಮೀಟರ್ ಪ್ಲೈವುಡ್, ಎರಡೂ ಕಡೆ ಲ್ಯಾಮಿನೇಟ್. ತೂಕ ಸುಮಾರು 28 ಕಿಲೋ. ಓರೆ ಮೀಟರಿಗೆ 6 ಮಿಲಿಮೀಟರ್. 28 ಸಲ 6 ಅಂದರೆ 168 ಗ್ರಾಂ. ಒಂದು ದೊಡ್ಡ ಟೊಮೆಟೊವನ್ನು ದಾರಕ್ಕೆ ಕಟ್ಟಿ ಬಾಗಿಲಿನಿಂದ ಇಳಿಬಿಟ್ಟಂತೆ. ಒಳ್ಳೆಯ ಬಾಲ್ ಬೇರಿಂಗ್ ಗಾಲಿ ಇದ್ದರೆ ಅಷ್ಟು ಸಾಕು. ಅದೇ ಬಾಗಿಲಿಗೆ 4 ಮಿಲಿಮೀಟರ್ ದಪ್ಪದ ಪೂರ್ತಿ ಕನ್ನಡಿ ಅಂಟಿಸಿದರೆ ಇನ್ನೂ 19 ಕಿಲೋ ಸೇರುತ್ತದೆ. ಎಳೆತವೂ ಅಷ್ಟು ಜಾಸ್ತಿ.

ಈ ಲೆಕ್ಕದಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. "ಮೊದಲು ಸರಿಯಾಗೇ ಇತ್ತು, ಗಾಲಿ ಬದಲಿಸಿದ ಮೇಲೆ ಹೀಗಾಯ್ತು" ಅನ್ನುವವರು ತುಂಬಾ ಜನ. ಹಳೆ ಗಾಲಿ ಸವೆದು, ಕೊಳೆ ಹಿಡಿದು, ಬಾಗಿಲನ್ನು ತಡೆದು ನಿಲ್ಲಿಸಿತ್ತು. ಓರೆ ಆಗಲೂ ಇತ್ತು. ಹೊಸ ಗಾಲಿ ಅದನ್ನು ತೋರಿಸಿಕೊಟ್ಟಿತು. ಚಾನಲ್‌ಗೆ ಎಣ್ಣೆ ಬಿಟ್ಟ ಮೇಲೆ ಬಾಗಿಲು ಓಡಲು ಶುರು ಮಾಡಿದ್ದರೂ ಇದೇ ಕತೆ.

ಬೇಕಾಗುವ ಸಾಮಾನು

ರಸಮಟ್ಟ, ಅಂದರೆ ಸ್ಪಿರಿಟ್ ಲೆವೆಲ್, ಸಾಧ್ಯವಾದರೆ 2 ಅಡಿಯದ್ದು. ಟೇಪು, ಪೆನ್ಸಿಲ್, ಸ್ಟಾರ್ ಸ್ಕ್ರೂಡ್ರೈವರ್, ಅಲೆನ್ ಕೀ ಸೆಟ್, ಒಂದು ಸಣ್ಣ ಸ್ಪ್ಯಾನರ್. ಹಳೆ ಟೂತ್‌ಬ್ರಷ್. ಸನ್‌ಮೈಕಾ ಚೂರುಗಳು ಒಂದು ಹಿಡಿ. ಕೊನೆಯದು ಅಂಗಡಿಯಲ್ಲಿ ಸಿಗುವುದಿಲ್ಲ, ಯಾವುದಾದರೂ ಇಂಟೀರಿಯರ್ ಕೆಲಸ ನಡೆಯುತ್ತಿರುವ ಮನೆ ಮುಂದೆ ಕೇಳಿ, ಸುಮ್ನೆ ಕೊಡುತ್ತಾರೆ. ಒಂದೊಂದು ಚೂರು ಸರಿಸುಮಾರು 1 ಮಿಲಿಮೀಟರ್ ದಪ್ಪ. ಪ್ಯಾಕಿಂಗ್ ಕೊಡಲು, ಅಂದರೆ ಮಟ್ಟ ಸರಿಮಾಡಲು ಸಂದಿಗೆ ಇಡಲು, ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ.

ಫೋನಿನ ಲೆವೆಲ್ ಆಪ್ ಸಾಲದಾ? ಸಾಲದು. ಎಷ್ಟೋ ಫೋನ್‌ಗಳು ಪೂರ್ಣ ಡಿಗ್ರಿ ಮಾತ್ರ ತೋರಿಸುತ್ತವೆ. ಒಂದು ಡಿಗ್ರಿ ಅಂದರೆ ಮೀಟರಿಗೆ 17 ಮಿಲಿಮೀಟರಿಗೂ ಜಾಸ್ತಿ. ಫೋನ್ ಸೊನ್ನೆ ತೋರಿಸುತ್ತಿರುವಾಗಲೂ ನಮ್ಮ ಬಾಗಿಲಿನಷ್ಟು ಓರೆ ಅದರೊಳಗೆ ಅಡಗಿ ಕೂತಿರಬಹುದು. ಮೊದಲ ಸಲ ನಾನೂ ಫೋನ್ ನಂಬಿಯೇ "ಮಟ್ಟ ಸರಿ ಇದೆ" ಅಂದುಕೊಂಡಿದ್ದೆ.

ರಸಮಟ್ಟವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿದೆ ನೋಡಿ. ಅದೇ ಜಾಗದಲ್ಲಿ ಎಡಬಲ ತಿರುಗಿಸಿ ಇಡಿ. ಗುಳ್ಳೆ ಎರಡೂ ಸಲ ನಡುವೆ, ಇಲ್ಲವೇ ಮೇಜಿನ ಒಂದೇ ಕಡೆಗೆ ಅಷ್ಟೇ ಸರಿದು ನಿಂತರೆ ರಸಮಟ್ಟ ಸರಿ ಇದೆ.

ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಇವೆಲ್ಲಕ್ಕಿಂತ ಮೇಲು. ನಾಲ್ಕು ಮೀಟರ್ ಪಾರದರ್ಶಕ ಪೈಪು, ಒಳಗೆ ನೀರು. ಗುಳ್ಳೆ ಒಂದೂ ಇರಬಾರದು, ಎರಡೂ ಬಾಯಿ ತೆರೆದಿರಬೇಕು. ಚಾನಲ್‌ನ ಎರಡೂ ತುದಿಗಳ ಕೆಳಗೆ ಗೋಡೆಗೆ ಪೈಪು ಹಿಡಿದು, ನೀರು ನಿಂತ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಗುರುತಿನಿಂದ ಚಾನಲ್‌ವರೆಗೆ ಎರಡೂ ಕಡೆ ಟೇಪಿನಲ್ಲಿ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ನಿಮ್ಮ ಓರೆ. ನಮ್ಮ ಮನೆಯ 11 ಮಿಲಿಮೀಟರ್ ಸಿಕ್ಕಿದ್ದು ಹೀಗೆ. ಒಬ್ಬರೇ ಮಾಡಲು ಕಷ್ಟ, ಮಕ್ಕಳನ್ನು ಕರೆಯಿರಿ, ಅವರಿಗೂ ಮಜಾ ಇರುತ್ತದೆ.

ಕೆಳಗೆ ಓಡುವ ವಾರ್ಡ್‌ರೋಬ್ ಆದರೆ ಇನ್ನೂ ಸುಲಭ. ಚಾನಲ್ ಒಳಗೆ ಒಂದು ಗೋಲಿ ಬಿಡಿ. ಅದು ಓಡಿದ ಕಡೆ ತಗ್ಗು.

ಚಾನಲ್ ಕ್ಲೀನ್ ಮಾಡಿ

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಟೂತ್‌ಬ್ರಷ್‌ನಲ್ಲಿ ಉಜ್ಜಿ, ವ್ಯಾಕ್ಯೂಮ್ ಇದ್ದರೆ ಎಳೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಹೊಸ ಮನೆಯಾದರೆ ಸಿಮೆಂಟ್ ಪುಡಿ, ಮರದ ಹೊಟ್ಟು ಮೂಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮುಚ್ಚುವ ತುದಿಯ ಕೊನೆಯ ಎರಡು ಇಂಚನ್ನು ಕಡ್ಡಿ ಹಾಕಿ ಕೆದಕಿ. ಅಲ್ಲಿ ಒಂದು ಅಕ್ಕಿ ಕಾಳು ಸಿಕ್ಕಿಕೊಂಡಿದ್ದರೂ ಗಾಲಿ ಅದನ್ನು ಹತ್ತಿ ಹಿಂದೆ ಬರುತ್ತದೆ. ಗಾಲಿಗೆ ಸುತ್ತಿಕೊಂಡ ಕೂದಲು, ದಾರವನ್ನು ಬ್ಲೇಡಿನಲ್ಲಿ ಕತ್ತರಿಸಿ.

ಕೊಬ್ಬರಿ ಎಣ್ಣೆ ಮಾತ್ರ ಬೇಡ. ಎರಡು ದಿನ ನುಣ್ಣಗೆ ಓಡುತ್ತದೆ, ಮೂರನೇ ವಾರಕ್ಕೆ ಧೂಳೆಲ್ಲ ಅಂಟಿ ಕರಿ ಮೇಣವಾಗುತ್ತದೆ. ಬೇಕೇ ಬೇಕು ಅನ್ನಿಸಿದರೆ ಸಿಲಿಕೋನ್ ಸ್ಪ್ರೇ, ಅದೂ ಮಟ್ಟ ಸರಿಮಾಡಿದ ಮೇಲೆ.

ಎಲ್ಲರೂ ಎಡವುವ ಜಾಗ: ಗಾಲಿಯ ಸ್ಕ್ರೂ

ಬಾಗಿಲಿನ ಎರಡೂ ಗಾಲಿಗಳ ಹತ್ತಿರ ಒಂದೊಂದು ಎತ್ತರ ಹೊಂದಿಸುವ ಸ್ಕ್ರೂ ಅಥವಾ ಬೋಲ್ಟ್ ಇರುತ್ತದೆ. ಯೂಟ್ಯೂಬ್ ನೋಡಿದವರೆಲ್ಲ ಮೊದಲು ಇದನ್ನೇ ತಿರುಗಿಸುತ್ತಾರೆ. ನಾನೂ ಅರ್ಧ ದಿನ ತಿರುಗಿಸಿದ್ದೇನೆ. ಬಾಗಿಲು ಜಾರುವುದು ಒಂದಿಷ್ಟೂ ಕಡಿಮೆಯಾಗಲಿಲ್ಲ.

ಯಾಕೆ ಗೊತ್ತಾ? ಆ ಸ್ಕ್ರೂ ಬಾಗಿಲಿನ ವಾಲು ಬದಲಿಸುತ್ತದೆ. ಗಾಲಿ ಓಡುವ ದಾರಿಯ ಓರೆ ಬದಲಿಸುವುದಿಲ್ಲ. ಇಳಿಜಾರಿನಲ್ಲಿ ನಿಂತ ಎತ್ತಿನ ಗಾಡಿಯ ಮೇಲೆ ಹುಲ್ಲಿನ ಹೊರೆಯನ್ನು ಆಚೀಚೆ ಸರಿಸಿದ ಹಾಗೆ. ಗಾಡಿ ಇಳಿಯುವುದು ಇಳಿಯುತ್ತಲೇ ಇರುತ್ತದೆ.

ಹಾಗಂತ ಆ ಸ್ಕ್ರೂ ಕೆಲಸಕ್ಕೆ ಬಾರದ್ದಲ್ಲ. ಬಾಗಿಲಿನ ಅಂಚು ಚೌಕಟ್ಟಿಗೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಕೂರುತ್ತಿಲ್ಲ ಅಂದರೆ ಅದೇ ಮದ್ದು. ಪತ್ರಿಕೆಯ ಒಂದು ಪಟ್ಟಿ ಹರಿದು, ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಮುಚ್ಚಿ ಎಳೆಯಿರಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ನೋಡಿ. ಮೇಲೆ ಬಿಗಿಯಾಗಿದ್ದು ಕೆಳಗೆ ಸಲೀಸಾಗಿ ಬಂದರೆ, ಚೌಕಟ್ಟಿನ ಕಡೆಯ ಗಾಲಿಯ ಹತ್ತಿರ ಬಾಗಿಲನ್ನು ಸ್ವಲ್ಪ ಮೇಲೆತ್ತಬೇಕು. ಕೆಳಗೆ ಬಿಗಿ, ಮೇಲೆ ಸಡಿಲ ಅಂದರೆ ಅದೇ ಕಡೆಯನ್ನು ಇಳಿಸಬೇಕು. ಒಂದು ಸಲಕ್ಕೆ ಅರ್ಧ ಸುತ್ತು ಸಾಕು. ಯಾವ ಕಡೆ ತಿರುಗಿಸಿದರೆ ಏರುತ್ತದೆ ಅನ್ನುವುದು ಗಾಲಿಯಿಂದ ಗಾಲಿಗೆ ಬೇರೆ, ತಿರುಗಿಸಿ ನೋಡಿ. ತೂಗುವ ಬಾಗಿಲಾದರೆ ಕೊನೆಗೆ ಲಾಕ್ ನಟ್ ಬಿಗಿ ಮಾಡುವುದು ಮರೆಯಬೇಡಿ. ಮರೆತರೆ ತಿಂಗಳೊಳಗೆ ಮತ್ತೆ ಇದೇ ಕೆಲಸ.

ಆದರೆ ಇದು ಚಾನಲ್ ಸರಿಯಾದ ಮೇಲಿನ ಕೆಲಸ. ಮೊದಲು ಚಾನಲ್.

ತೂಗುವ ಬಾಗಿಲಿನ ಚಾನಲ್ ಮಟ್ಟ ಮಾಡುವುದು

ಇದು ಇಬ್ಬರ ಕೆಲಸ. ಬಾಗಿಲು 25-30 ಕಿಲೋ ಇರುತ್ತದೆ, ಒಬ್ಬರೇ ಇಳಿಸಲು ಹೋಗಬೇಡಿ. ಪೂರ್ತಿ ಗಾಜಿನ ಬಾಗಿಲಾದರೆ ಇಲ್ಲಿಗೇ ನಿಲ್ಲಿಸಿ, ಅದನ್ನು ಮಾಡುವವರನ್ನೇ ಕರೆಯಿರಿ. ಕನ್ನಡಿ ಅಂಟಿಸಿದ್ದರೆ ಅದರ ಮೇಲೆ ಅಡ್ಡಡ್ಡ ಅಗಲದ ಟೇಪು ಹಾಕಿ. ಕಾಲಿಗೆ ಚಪ್ಪಲಿ ಅಲ್ಲ, ಶೂ.

ಚಾನಲ್ ಮುಂದಿನ ಪಟ್ಟಿ ತೆಗೆದರೆ ಗಾಲಿಗಳೂ ಅವುಗಳಿಂದ ಇಳಿಬಿದ್ದ ಬೋಲ್ಟ್‌ಗಳೂ ಕಾಣುತ್ತವೆ. ತೆಗೆಯುವ ಮುನ್ನ ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ, ಜೋಡಿಸುವಾಗ ಉಪಯೋಗಕ್ಕೆ ಬರುತ್ತದೆ. ಒಬ್ಬರು ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿಯಲಿ, ಇನ್ನೊಬ್ಬರು ಬೋಲ್ಟ್ ಬಿಡಿಸಲಿ. ಹಳೆ ಬೆಡ್‌ಶೀಟ್ ಹಾಸಿ ಅದರ ಮೇಲೆ ಗೋಡೆಗೆ ಒರಗಿಸಿ.

ಈಗ ಗಮನ ಕೊಡಿ. ಬಾಗಿಲು ತೆರೆಯುವ ಕಡೆಗೆ ಜಾರುತ್ತಿದೆ ಅಂದರೆ ಚಾನಲ್‌ನ ತೆರೆಯುವ ತುದಿ ತಗ್ಗಿದೆ, ಮುಚ್ಚುವ ತುದಿ ಎತ್ತರದಲ್ಲಿದೆ. ತಗ್ಗಿದ ತುದಿಯನ್ನು ಎತ್ತೋಣ ಅಂದರೆ ಮೇಲೆ ಲಿಂಟಲ್ ಅಥವಾ ಮರದ ಪಟ್ಟಿ ಅಡ್ಡ ಇದೆ. ಹಾಗಾಗಿ ಎತ್ತರದ ತುದಿಯನ್ನೇ ಇಳಿಸಬೇಕು. ಅಂದರೆ ಪ್ಯಾಕಿಂಗ್ ಹೋಗುವುದು ಮುಚ್ಚುವ ತುದಿಗೆ, ಮರದ ಪಟ್ಟಿಗೂ ಚಾನಲ್‌ಗೂ ನಡುವೆ.

ಚಾನಲ್‌ನ ಸ್ಕ್ರೂಗಳನ್ನು ಸಡಿಲಿಸಿ, ಎಲ್ಲವನ್ನೂ ಒಟ್ಟಿಗೆ ತೆಗೆಯಬೇಡಿ. ಪ್ರತಿ ಸ್ಕ್ರೂ ಹತ್ತಿರವೂ ಪ್ಯಾಕಿಂಗ್ ಬೇಕು. ತುದಿಗೊಂದು ದಪ್ಪ ಚೂರು ಕೊಟ್ಟು ನಡುವೆ ಬರಿದು ಬಿಟ್ಟರೆ, ಸ್ಕ್ರೂ ಬಿಗಿದಾಗ ಚಾನಲ್ ಬಿಲ್ಲಿನಂತೆ ಬಗ್ಗುತ್ತದೆ. ನಮ್ಮ ಚಾನಲ್ 6 ಅಡಿ, ಅಡಿಗೊಂದು ಸ್ಕ್ರೂ, ಒಟ್ಟು ಏಳು. ಮುಚ್ಚುವ ತುದಿಯಲ್ಲಿ 11 ಚೂರು, ಆಮೇಲೆ 9, 7, 5, 4, 2, ಕೊನೆಯದಕ್ಕೆ ಏನೂ ಇಲ್ಲ. 11 ಚೂರು ಒಂದರ ಮೇಲೊಂದು ಇಡುವುದು ಕಿರಿಕಿರಿ. 6 ಮಿಲಿಮೀಟರ್ ಪ್ಲೈವುಡ್ ತುಂಡು ಕೆಳಗಿಟ್ಟು ಉಳಿದದ್ದಕ್ಕೆ ಸನ್‌ಮೈಕಾ ಇಟ್ಟೆ. ರಟ್ಟು ಉಪಯೋಗಿಸಬೇಡಿ. ಭಾರಕ್ಕೆ ಕುಗ್ಗುತ್ತದೆ, ಮಳೆಗಾಲದಲ್ಲಿ ಮೆತ್ತಗಾಗುತ್ತದೆ.

ಪ್ಯಾಕಿಂಗ್ ಎಷ್ಟು ದಪ್ಪವೋ ಸ್ಕ್ರೂ ಅಷ್ಟು ಉದ್ದ ಜಾಸ್ತಿ ಬೇಕು. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಹಳೆ ಸ್ಕ್ರೂವನ್ನೇ ಹಾಕಿದರೆ ಮರದೊಳಗೆ ಹೋಗುವ ಭಾಗ 11 ಮಿಲಿಮೀಟರ್ ಕಡಿಮೆ, ಮೇಲೆ 28 ಕಿಲೋ ತೂಗುತ್ತಿದೆ. ತೂತು ಸಡಿಲವಾಗಿದ್ದರೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿಗಳನ್ನು ಬಿಗಿಯಾಗಿ ತುಂಬಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಸ್ಕ್ರೂ ಹಾಕಿ. ಕಾಂಕ್ರೀಟಿಗೆ ಹಾಕಿದ್ದರೆ ಹೊಸ ಪ್ಲಾಸ್ಟಿಕ್ ಪ್ಲಗ್ ಬೇಕು.

ಸ್ಕ್ರೂ ಬಿಗಿದ ಮೇಲೆ ಮತ್ತೆ ಮಟ್ಟ ನೋಡಿ. ಮೀಟರಿಗೆ ಒಂದು ಮಿಲಿಮೀಟರ್ ಒಳಗೆ ಬಂದರೆ ಸಾಕು, ಸಾಮಾನ್ಯವಾಗಿ ಗಾಲಿ ಅಷ್ಟನ್ನು ತಡೆದುಕೊಳ್ಳುತ್ತದೆ. ಆಮೇಲೆ ಬಾಗಿಲು ತೂಗುಹಾಕಿ. ಮುಚ್ಚುವ ಕಡೆ ಚಾನಲ್ ಇಳಿದಿದೆ ಅಲ್ವಾ, ಬಾಗಿಲು ಅಲ್ಲಿ ನೆಲಕ್ಕೆ ಉಜ್ಜಬಹುದು. ಈಗ ಗಾಲಿಯ ಬೋಲ್ಟ್ ತಿರುಗಿಸಿ ಬಾಗಿಲನ್ನು ಎತ್ತಿಕೊಳ್ಳಿ. ಕೆಳಗಿನ ಗೈಡ್ ಸಡಿಲವಾಗಿದ್ದರೆ ಅದನ್ನೂ ಬಿಗಿ ಮಾಡಿ. ಬಾಗಿಲು ಹಳಿ ತಪ್ಪದಂತೆ ತಡೆಯುವ ಪಿನ್ನು ಅಥವಾ ಸ್ಟಾಪರ್ ತೆಗೆದಿದ್ದರೆ ಅದನ್ನು ವಾಪಸ್ ಹಾಕದೆ ಕೆಲಸ ಮುಗಿಸಬೇಡಿ.

ಮುಚ್ಚುವ ಕಡೆಗೇ ಒಂಚೂರು ಓರೆ ಇಟ್ಟುಬಿಟ್ಟರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ. ಆದರೆ ಆಗ ತೆರೆದದ್ದು ತೆರೆದಲ್ಲಿ ನಿಲ್ಲುವುದಿಲ್ಲ. ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಹಿಡಿದು ಬರುವಾಗ ಬಾಗಿಲು ಮೈಮೇಲೆ ಬರುವುದು ನನಗೆ ಬೇಡ ಅನ್ನಿಸಿತು. ಬಾತ್‌ರೂಮ್ ಬಾಗಿಲಿಗಾದರೆ ಮೀಟರಿಗೆ ಒಂದೆರಡು ಮಿಲಿಮೀಟರ್ ಇಟ್ಟರೆ ಒಳ್ಳೆಯದೇ.

ಕೆಳಗೆ ಓಡುವ ವಾರ್ಡ್‌ರೋಬ್

ಇಲ್ಲಿ ಎಲ್ಲ ಉಲ್ಟಾ. ಚಾನಲ್ ಕೆಳಗಿರುವುದರಿಂದ ತಗ್ಗಿದ ತುದಿಯನ್ನೇ ಎತ್ತಬೇಕು.

ವಾರ್ಡ್‌ರೋಬ್ ಗೋಡೆಗೆ ಸೇರಿಸದೆ ಬಿಡಿಯಾಗಿ ನಿಂತಿದ್ದರೆ ಚಾನಲ್ ಮುಟ್ಟಲೇಬೇಡಿ. ಇಡೀ ಪೆಟ್ಟಿಗೆಯನ್ನೇ ಮಟ್ಟ ಮಾಡಿ. ಕೆಳಗೆ ತಿರುಗಿಸುವ ಕಾಲುಗಳಿದ್ದರೆ ತಗ್ಗಿದ ಕಡೆಯದನ್ನು ಎತ್ತರಿಸಿ. ಇಲ್ಲದಿದ್ದರೆ ಬಟ್ಟೆಯೆಲ್ಲ ಖಾಲಿ ಮಾಡಿ, ಮೂಲೆಗೆ ಪ್ಯಾಕಿಂಗ್ ಕೊಡಿ. ಎಡಬಲ ನೋಡಿದರೆ ಸಾಲದು, ಮುಂದೆ ಹಿಂದೆಯೂ ನೋಡಿ. ಮುಂದಕ್ಕೆ ವಾಲಿದ ವಾರ್ಡ್‌ರೋಬ್‌ನಲ್ಲಿ ಬಾಗಿಲು ಮೇಲಿನ ಚಾನಲ್‌ಗೆ ಒರಗಿ ಓಡುತ್ತದೆ.

ಗೋಡೆಗೆ ಸೇರಿಸಿ ಮಾಡಿದ್ದಾದರೆ ಬಾಗಿಲು ಇಳಿಸಬೇಕು. ಮುಂದಿನ ಬಾಗಿಲು ಮೊದಲು, ಒಳಗಿನದು ಆಮೇಲೆ. ಮೇಲ್ಗಡೆ ಲಾಕ್ ಇದ್ದರೆ ಬಿಡಿಸಿ, ಬಾಗಿಲನ್ನು ನೇರ ಮೇಲೆತ್ತಿ, ಕೆಳಭಾಗವನ್ನು ನಿಮ್ಮ ಕಡೆ ಎಳೆದುಕೊಂಡು ಹೊರತೆಗೆಯಿರಿ. ಚಾನಲ್ ಸ್ಕ್ರೂ ಸಡಿಲಿಸಿ, ತಗ್ಗಿನ ಕಡೆ ಹೆಚ್ಚು, ಮುಂದೆ ಹೋದಂತೆ ಕಡಿಮೆ ಪ್ಯಾಕಿಂಗ್ ಕೊಡಿ. ಕೆಳಗೆ ಎತ್ತಿದಷ್ಟು ಮೇಲೆ ಜಾಗ ಕಡಿಮೆಯಾಗುತ್ತದೆ. ಹಾಗಾಗಿ ಮೇಲಿನ ಚಾನಲ್ ಒಳಗೆ ಎಷ್ಟು ಸಂದು ಇದೆ ಅಂತ ಮೊದಲೇ ಅಳೆಯಿರಿ. ಇಲ್ಲದಿದ್ದರೆ ಬಾಗಿಲು ವಾಪಸ್ ಒಳಗೆ ಹೋಗುವುದೇ ಇಲ್ಲ, ಆಗಿನ ಗೋಳು ಬೇಡ.

ಎರಡು ಬಾಗಿಲಿನ ವಾರ್ಡ್‌ರೋಬ್‌ಗೆ ಇನ್ನೊಂದು ವಿಶೇಷ ಇದೆ. ಮುಚ್ಚಿದಾಗ ಒಂದು ಎಡತುದಿಯಲ್ಲಿ, ಇನ್ನೊಂದು ಬಲತುದಿಯಲ್ಲಿ ಇರಬೇಕು. ಎರಡೂ ನಡುವಿಗೆ ಸರಿದು ಎರಡೂ ತುದಿಯಲ್ಲಿ ಸಂದು ಬಿಡುತ್ತಿದ್ದರೆ ಚಾನಲ್ ನಡುವೆ ತಗ್ಗಿದೆ. ಎರಡೂ ಒಂದೇ ಕಡೆಗೆ ಸರಿದರೆ ಇಡೀ ಚಾನಲ್ ಓರೆ. ನಡುವಿನ ತಗ್ಗು ನೋಡಲು ತುದಿಯಿಂದ ತುದಿಗೆ ದಾರ ಬಿಗಿಯಾಗಿ ಎಳೆದು, ನಡುವೆ ದಾರಕ್ಕೂ ಚಾನಲ್‌ಗೂ ಎಷ್ಟು ದೂರ ಇದೆ ನೋಡಿ.

ಮೇಲಿಂದ ತೂಗುವ ವಾರ್ಡ್‌ರೋಬ್ ಬಾಗಿಲುಗಳೂ ಇವೆ. ಅದರಲ್ಲಿ ನಡುವೆ ತಗ್ಗಿದ್ದರೆ ತಲೆ ಎತ್ತಿ ಅಟ್ಟ ನೋಡಿ. ಸೂಟ್‌ಕೇಸ್, ಹಾಸಿಗೆ, ಅಜ್ಜಿಯ ಹಿತ್ತಾಳೆ ಹಂಡೆ ಎಲ್ಲ ಅಲ್ಲೇ ಇರುತ್ತವೆ. ಆ ಭಾರಕ್ಕೆ ಮೇಲಿನ ಹಲಗೆ ಜೋತು, ಜೊತೆಗೆ ಚಾನಲ್ಲೂ ಜೋತಿರುತ್ತದೆ. ಹಂಡೆ ಇಳಿಸಿ ಎರಡು ದಿನ ಬಿಟ್ಟು ಮತ್ತೆ ದಾರ ಎಳೆಯಿರಿ. ಹಲಗೆ ಮೇಲೆ ಬರದಿದ್ದರೆ ನಡುವಿನ ಪಾರ್ಟಿಷನ್ ಮೇಲೆ ಪ್ಯಾಕಿಂಗ್ ಕೊಡಬೇಕು, ಇಲ್ಲವೇ ಹಲಗೆಗೆ ಉದ್ದಕ್ಕೂ ಕಬ್ಬಿಣದ ಚೌಕ ಪೈಪು ಕೊಡಬೇಕು. ಅದು ಕಾರ್ಪೆಂಟರ್ ಕೆಲಸ.

ಚಾನಲ್ ಸರಿ ಇದ್ದೂ ಕೊನೆಯಲ್ಲಿ ಹಿಂದೆ ಬರುತ್ತಿದ್ದರೆ

ಮೊದಲು ರಬ್ಬರ್ ನೋಡಿ. ಗಟ್ಟಿ ರಬ್ಬರ್ ಸ್ಟಾಪರ್‌ಗೆ ಬಾಗಿಲು ಬಡಿದರೆ ಚೆಂಡಿನಂತೆ ಪುಟಿದು ಬರುತ್ತದೆ. ಅದರ ಬದಲು ಫೆಲ್ಟ್ ಅಥವಾ ಮೆತ್ತನೆಯ ಫೋಮ್ ಹಾಕಿ. ಇನ್ನು ಕೆಲವು ಕಡೆ ಸ್ಟಾಪರ್ ಚಾನಲ್ ಒಳಗೆ ತಪ್ಪು ಜಾಗದಲ್ಲಿ ಕೂತು, ಬಾಗಿಲು ಚೌಕಟ್ಟಿಗೆ ಮುಟ್ಟುವ ಮುಂಚೆಯೇ ತಡೆಯುತ್ತಿರುತ್ತದೆ. ಅಲೆನ್ ಕೀಯಲ್ಲಿ ಸಡಿಲಿಸಿ, ಬಾಗಿಲನ್ನು ಪೂರ್ತಿ ಮುಚ್ಚಿ, ಗಾಲಿಗೆ ತಾಗುವಂತೆ ಸರಿಸಿ ಬಿಗಿ ಮಾಡಿ.

ಸಾಫ್ಟ್ ಕ್ಲೋಸ್ ಇರುವ ಬಾಗಿಲಾದರೆ ಕತೆ ಬೇರೆ. ಅದರಲ್ಲಿ ಸ್ಪ್ರಿಂಗ್ ಮತ್ತು ಡ್ಯಾಂಪರ್ (ವೇಗ ತಗ್ಗಿಸುವ ಭಾಗ) ಇರುವ ಒಂದು ಉದ್ದನೆ ಡಬ್ಬಿ, ಅದರಲ್ಲೊಂದು ಪ್ಲಾಸ್ಟಿಕ್ ಕೊಕ್ಕೆ, ಎದುರಿಗೆ ಒಂದು ಪಿನ್ನು. ಬಾಗಿಲು ಕೊನೆಯ ಕೆಲವು ಸೆಂಟಿಮೀಟರ್‌ಗೆ ಬಂದಾಗ ಕೊಕ್ಕೆ ಪಿನ್ನನ್ನು ಹಿಡಿದು ಮೆಲ್ಲಗೆ ಎಳೆದುಕೊಂಡು ಹೋಗಿ ಮುಚ್ಚಿ ಹಿಡಿಯುತ್ತದೆ. ಇದು ಸರಿಯಾಗಿದ್ದರೆ ಸಣ್ಣ ಓರೆ ಇದ್ದರೂ ಬಾಗಿಲು ತೆರೆದುಕೊಳ್ಳುವುದಿಲ್ಲ.

ಕೆಡುವುದು ಎರಡು ರೀತಿ. ಬಾಗಿಲನ್ನು ಜೋರಾಗಿ ಎಳೆದಾಗ ಕೊಕ್ಕೆ ಪಿನ್ನನ್ನು ಬಿಟ್ಟು ಖಾಲಿಯಾಗಿ ಒಳಗೆ ಹೋಗಿಬಿಡುತ್ತದೆ. ಆಮೇಲೆ ಬಾಗಿಲು ಟಕ್ ಅಂತ ಬಡಿದು ಹಿಂದೆ ಬರುತ್ತದೆ. ಬಾಗಿಲನ್ನು ಒಂದು ಸಲ ನಿಧಾನವಾಗಿ, ಗಟ್ಟಿಯಾಗಿ ಕೊನೆವರೆಗೂ ತಳ್ಳಿ ನೋಡಿ. ಎಷ್ಟೋ ಬಗೆಯವು ಇಷ್ಟಕ್ಕೇ ಮತ್ತೆ ಹಿಡಿದುಕೊಳ್ಳುತ್ತವೆ. ಹಿಡಿಯದಿದ್ದರೆ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಕೊಕ್ಕೆಯನ್ನು ಅದು ಕಾದು ಕೂರುವ ಜಾಗಕ್ಕೆ ಎಳೆದು ಕೂರಿಸಿ. ಸ್ಪ್ರಿಂಗ್ ಬಿಗಿ ಇರುತ್ತದೆ, ಬೆರಳು ಇಡಬೇಡಿ. ಎರಡನೆಯದು, ಪಿನ್ನಿನ ಸ್ಕ್ರೂ ಸಡಿಲವಾಗಿ ಅದೇ ಸರಿದಿರುತ್ತದೆ. ಹಳೆ ಗುರುತು ಚಾನಲ್ ಮೇಲೆ ಕಾಣುತ್ತದೆ, ಅಲ್ಲಿಗೇ ತಂದು ಬಿಗಿ ಮಾಡಿ. ಡ್ಯಾಂಪರ್‌ಗೆ ಎಣ್ಣೆ ಬಿಡುವುದು ಬೇಡ.

ಹೊಸ ಸಾಫ್ಟ್ ಕ್ಲೋಸ್ ಕೊಳ್ಳುವಾಗ ಬಾಗಿಲಿನ ತೂಕ ಹೇಳಿ. ಡಬ್ಬಿಯ ಮೇಲೆ 40 ಕಿಲೋ, 80 ಕಿಲೋ ಹೀಗೆ ಬರೆದಿರುತ್ತದೆ. ಕನ್ನಡಿ ಬಾಗಿಲಿಗೆ ಕಡಿಮೆ ತೂಕದ್ದು ಹಾಕಿದರೆ ಎಳೆಯಲಾರದೆ ಅರ್ಧಕ್ಕೇ ನಿಲ್ಲುತ್ತದೆ.

ಚೌಕಟ್ಟೇ ವಾಲಿದ್ದರೆ ಗಾಲಿಯ ಸ್ಕ್ರೂ ನಾಲ್ಕೈದು ಮಿಲಿಮೀಟರ್‌ವರೆಗೆ ಸರಿದೂಗಿಸುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಹೆರೆದ ಮರದ ಪಟ್ಟಿಯನ್ನು ಚೌಕಟ್ಟಿಗೆ ಹೊಡೆಸಿ.

ಈಗ ಬೇಕಾದರೆ ಮ್ಯಾಗ್ನೆಟ್

ಬಾಡಿಗೆ ಮನೆ, ಓನರ್ ಚಾನಲ್ ಮುಟ್ಟಲು ಬಿಡುವುದಿಲ್ಲ. ಅಥವಾ ಮನೆಯ ಬೆಕ್ಕು ಪಂಜ ಹಾಕಿ ಬಾಗಿಲು ತೆಗೆಯುತ್ತದೆ. ಇಂಥ ಕಡೆ ಮ್ಯಾಗ್ನೆಟ್ ಸರಿ. ನಮ್ಮ ಟೊಮೆಟೊ ಲೆಕ್ಕ ನೆನಪಿದೆಯಲ್ಲ, ಎಳೆತ ಬರೀ 168 ಗ್ರಾಂ. ಹಾಗಾಗಿ 2-3 ಕಿಲೋ ಹಿಡಿಯುವ ಸಣ್ಣ ಮ್ಯಾಗ್ನೆಟ್ ಧಾರಾಳ ಸಾಕು. ದೊಡ್ಡದು ಹಾಕಿದರೆ ಪ್ರತಿ ಸಲ ಕಿತ್ತು ತೆಗೆಯಬೇಕು, ಆ ಜಗ್ಗಾಟಕ್ಕೇ ಸ್ಕ್ರೂ ಸಡಿಲವಾಗುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ಹಿಡಿಯ ಎತ್ತರಕ್ಕೇ ಹಾಕಿ. ತೆಗೆಯುವಾಗ ನೀವು ಎಳೆಯುವುದು ಅಲ್ಲೇ, ಬಾಗಿಲು ತಿರುಚಿಕೊಳ್ಳುವುದಿಲ್ಲ. ಮ್ಯಾಗ್ನೆಟ್ ಚೌಕಟ್ಟಿಗೆ, ಕಬ್ಬಿಣದ ಪಟ್ಟಿ ಬಾಗಿಲಿನ ಅಂಚಿಗೆ. ಮುಚ್ಚಿದಾಗ ಎರಡೂ ಪೂರ್ತಿ ತಾಗಬೇಕು, ಒಂದೆರಡು ಮಿಲಿಮೀಟರ್ ಸಂದು ಉಳಿದರೂ ಹಿಡಿತ ತುಂಬಾ ಕಡಿಮೆಯಾಗುತ್ತದೆ. ಬಾಡಿಗೆ ಮನೆಯಲ್ಲಿ ಸ್ಕ್ರೂ ಬದಲು ಡಬಲ್ ಸೈಡ್ ಟೇಪು ಸಾಕು. ಅಂಟಿಸುವ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಂಟಿಸಿದ ಮೇಲೆ ಒಂದು ದಿನ ಬಾಗಿಲು ತೆರೆದೇ ಇಡಿ.

ಬಾತ್‌ರೂಮಿಗೆ ಮ್ಯಾಗ್ನೆಟ್ ನಂಬಿ ಕೂರುವ ಧೈರ್ಯ ನನಗಂತೂ ಇಲ್ಲ. ಅಲ್ಲಿಗೆ ಸ್ಲೈಡಿಂಗ್ ಬಾಗಿಲಿಗೇ ಮಾಡಿದ ಕೊಕ್ಕೆ ಬೀಗ ಬೇಕು. ಮಾಮೂಲಿ ಬೀಗದ ನಾಲಿಗೆ ನೇರವಾಗಿ ಒಳಗೆ ಹೋಗುತ್ತದೆ, ಬಾಗಿಲು ಸರಿಯುವುದೂ ಅದೇ ಗೆರೆಯಲ್ಲಿ, ಎಳೆದರೆ ಹಾಗೇ ಬಿಟ್ಟು ಬರುತ್ತದೆ. ಕೊಕ್ಕೆಯಾದರೆ ಕಚ್ಚಿ ಹಿಡಿಯುತ್ತದೆ.

ಕಾರ್ಪೆಂಟರ್ ಕೈಲೇ ಮಾಡಿಸುವುದಾದರೆ

"ಬಾಗಿಲು ನಿಲ್ತಿಲ್ಲ, ಏನಾದ್ರೂ ಮಾಡಿ" ಅನ್ನಬೇಡಿ, ಅದಕ್ಕೆ ಸಿಗುವ ಉತ್ತರ ಮ್ಯಾಗ್ನೆಟ್. "ಚಾನಲ್ ಇಷ್ಟು ಮಿಲಿಮೀಟರ್ ಓರೆ ಇದೆ, ಪ್ರತಿ ಸ್ಕ್ರೂಗೂ ಪ್ಯಾಕಿಂಗ್ ಕೊಟ್ಟು ಮಟ್ಟ ಮಾಡಿಕೊಡಿ, ಸ್ಕ್ರೂ ಉದ್ದದ್ದು ಹಾಕಿ" ಅನ್ನಿ. ಬರುವಾಗ ರಸಮಟ್ಟ ತರಲು ಹೇಳಿ, ನಿಮ್ಮದೂ ಒಂದು ಇರಲಿ. ಕೆಲಸ ಮುಗಿದ ಮೇಲೆ, ದುಡ್ಡು ಕೊಡುವ ಮುನ್ನ, ಅವರ ಎದುರಿಗೇ ಬಾಗಿಲನ್ನು ನಡುವೆ ನಿಲ್ಲಿಸಿ ಕೈಬಿಡಿ. ಹತ್ತು ಎಣಿಸಿ. ಆಮೇಲೆ ವಾಷಿಂಗ್ ಮೆಷಿನ್ ಹಾಕಿ ಇನ್ನೊಂದು ಸಲ ನೋಡಿ.